ಸುರಂಗದ ನೀರಿನ ಪೈಪು ಮತ್ತು ಋಣ ಬಂದ ಸ್ಥಿರಾಂಕ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಮನೆ ಮೇಲಿನ ಗುಡ್ಡೆಯಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗವಿದೆ. ಅದರ ನೀರು 3 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಂದ 150 ಮೀಟರ್ ಉದ್ದದ, 40 ಮಿಲಿಮೀಟರ್ ಒಳವ್ಯಾಸದ ಕಪ್ಪು ಪೈಪಿನಲ್ಲಿ ಅಡಿಕೆ ತೋಟಕ್ಕೆ ಇಳಿಯುತ್ತದೆ. ಟ್ಯಾಂಕ್ ತುಂಬಿದಾಗ ನೀರಿನ ಮಟ್ಟ ತೋಟದ ವಾಲ್ವಿಗಿಂತ 12 ಮೀಟರ್ ಮೇಲಿರುತ್ತದೆ. ಪ್ರಾಜೆಕ್ಟಿಗಾಗಿ ಪೈಪಿನಲ್ಲಿ ಆಗುವ ಒತ್ತಡದ ನಷ್ಟವನ್ನು ನ = ಕ × ಹ + ಖ × ಹ² ಅಂತ ಬರೆದೆ. ಇಲ್ಲಿ ಹ ಅಂದರೆ ಸೆಕೆಂಡಿಗೆ ಎಷ್ಟು ಲೀಟರ್ ಹರಿವು, ನ ಅಂದರೆ ನೀರಿನ ಎತ್ತರದ ಲೆಕ್ಕದಲ್ಲಿ ಎಷ್ಟು ಮೀಟರ್ ಒತ್ತಡ ನಷ್ಟ, ಕ ಮತ್ತು ಖ ಕಂಡುಹಿಡಿಯಬೇಕಾದ ಸ್ಥಿರಾಂಕಗಳು. ವಾಲ್ವಿನ ಮೇಲ್ಗಡೆ ಕಾಲೇಜಿನ ಡಿಜಿಟಲ್ ಗೇಜ್ ಹಾಕಿ ಎರಡು ಅಳತೆ ತೆಗೆದೆ. ಹರಿವು 1.0 ಇದ್ದಾಗ ನಷ್ಟ 2.6, ಹರಿವು 1.1 ಇದ್ದಾಗ ನಷ್ಟ 3.2. ಬಿಡಿಸಿದರೆ ಕ ಋಣ ಬರುತ್ತದೆ! ಇನ್ನೊಂದು ಕಡೆ, ಎರಡು ತಟ್ಟೆಗಳ ನಡುವೆ ಎರಡು ಪದರವಾಗಿ ಹರಿಯುವ ದ್ರವಗಳ ಪಠ್ಯದ ಲೆಕ್ಕದಲ್ಲಿ ನಾಲ್ಕು ಸ್ಥಿರಾಂಕಕ್ಕೆ ನಾಲ್ಕು ಸಮೀಕರಣ (ಎರಡು ತಟ್ಟೆಗಳಲ್ಲೂ ವೇಗ ಸೊನ್ನೆ, ಗಡಿಯಲ್ಲಿ ಎಳೆತ ಸಮ, ಒಟ್ಟು ಬಲ ಸಮ) ಬರೆದರೂ ಕೊನೆಗೆ 0 = 0 ಅಂತ ಬರುತ್ತದೆ. ಬೀಜಗಣಿತದಲ್ಲಿ ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:

ನಿಮ್ಮ ಬೀಜಗಣಿತ ಸರಿ ಇದೆ. ಎರಡು ಲೆಕ್ಕವನ್ನೂ ಮತ್ತೆ ಮಾಡಿ ನೋಡಿದೆ, ಕೂಡಿಸಿ ಕಳೆದದ್ದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಬಿಡಿಸುವುದಕ್ಕೂ ಮೊದಲು, ಸಮೀಕರಣಗಳನ್ನು ಆರಿಸಿಕೊಂಡ ಜಾಗದಲ್ಲಿ. ಎರಡು ಅಜ್ಞಾತ ಇದ್ದರೆ ಎರಡು ಸಮೀಕರಣ ಸಾಕು ಅಂತ ಶಾಲೆಯಲ್ಲಿ ಕಲಿಯುತ್ತೇವೆ ಅಲ್ವಾ? ಆ ಮಾತು ಅರ್ಧ ಮಾತ್ರ. ಪ್ರತಿ ಸಮೀಕರಣವೂ ಹೊಸ ಸಂಗತಿಯೊಂದನ್ನು ತರಬೇಕು. ಒಂದೇ ಕಿಟಕಿಯಲ್ಲಿ ನಿಂತು ನೋಡಿದ ಇಬ್ಬರು ಸಾಕ್ಷಿಗಳಿಂದ ಒಬ್ಬ ಸಾಕ್ಷಿಗಿಂತ ಹೆಚ್ಚೇನೂ ತಿಳಿಯುವುದಿಲ್ಲ. ಪಠ್ಯದ ಲೆಕ್ಕದಲ್ಲಿ ನಿಮ್ಮ ಒಂದು ಸಮೀಕರಣ ಹೊಸದೇನನ್ನೂ ತಂದಿಲ್ಲ. ಪೈಪಿನ ಲೆಕ್ಕದಲ್ಲಿ ಎರಡನೆಯ ಅಳತೆ ಹೊಸದನ್ನು ತಂದಿದೆ, ಆದರೆ ತೀರ ಕಮ್ಮಿ ತಂದಿದೆ.

ಮೊದಲು 0 = 0 ಬಂದ ಲೆಕ್ಕ ನೋಡೋಣ. ಅದರಲ್ಲಿ ವಿಷಯ ಚೊಕ್ಕವಾಗಿ ಕಾಣುತ್ತದೆ.

ಎರಡು ಮಟ್ಟಸ ತಟ್ಟೆಗಳು, ನಡುವೆ ಕೆಳಗೆ ಒಂದು ದ್ರವ, ಮೇಲೆ ಇನ್ನೊಂದು. ಕೆಳಗೆ ನೀರು, ಮೇಲೆ ತೆಂಗಿನೆಣ್ಣೆ ಅಂತಲೇ ಇಟ್ಟುಕೊಳ್ಳಿ. ಎರಡು ಪದರದ ದಪ್ಪವೂ ದ. ಎರಡೂ ಸೇರುವ ಗಡಿಯಲ್ಲಿ ಎತ್ತರ ಯ = 0. ಕೆಳತಟ್ಟೆ ಯ = −ದ ದಲ್ಲಿ, ಮೇಲ್ತಟ್ಟೆ ಯ = ದ ದಲ್ಲಿ. ತಟ್ಟೆಗಳು ಅಲ್ಲಾಡುವುದಿಲ್ಲ. ಉದ್ದಕ್ಕೆ ಪ್ರತಿ ಮೀಟರಿಗೆ ಒತ್ತಡ ಒ ದಷ್ಟು ಇಳಿಯುತ್ತದೆ, ಅದೇ ದ್ರವವನ್ನು ತಳ್ಳುವುದು. ಸ್ನಿಗ್ಧತೆ, ಅಂದರೆ ದ್ರವ ಎಷ್ಟು ಮಂದ ಅನ್ನುವುದರ ಅಳತೆ, ಕೆಳಗೆ ಸ₁, ಮೇಲೆ ಸ₂. ಚಲನೆಯ ಸಮೀಕರಣವನ್ನು ಎರಡು ಸಲ ಅನುಕಲನ (ಇಂಟಿಗ್ರೇಷನ್) ಮಾಡಿದರೆ ವೇಗ ಹೀಗೆ ಬರುತ್ತದೆ:

ವ₁ = −ಒ·ಯ² / (2ಸ₁) + ಅ₁·ಯ + ಬ₁

ವ₂ = −ಒ·ಯ² / (2ಸ₂) + ಅ₂·ಯ + ಬ₂

ಅ₁, ಬ₁, ಅ₂, ಬ₂ ಈ ನಾಲ್ಕೂ ಅಜ್ಞಾತಗಳು. ಒಂದೊಂದು ಸಲ ಅನುಕಲನ ಮಾಡಿದಾಗಲೂ ನಾವು ಒಂದು ಮಾಹಿತಿಯನ್ನು ಕೈಬಿಟ್ಟಿರುತ್ತೇವೆ. ಸ್ಥಿರಾಂಕ ಅಂದರೆ ಆ ಖಾಲಿ ಜಾಗ. ಅದನ್ನು ತುಂಬುವ ಮಾಹಿತಿ ಚಲನೆಯ ಸಮೀಕರಣದ ಹೊರಗಿನಿಂದ ಬರಬೇಕು. ಅಂದರೆ ಗೋಡೆಯಿಂದ ಮತ್ತು ಗಡಿಯಿಂದ.

ನೀವು ಬರೆದ ನಾಲ್ಕು ಷರತ್ತು ಇವು. ಕೆಳತಟ್ಟೆಯಲ್ಲಿ ವೇಗ ಸೊನ್ನೆ. ಮೇಲ್ತಟ್ಟೆಯಲ್ಲಿ ವೇಗ ಸೊನ್ನೆ. ಗಡಿಯಲ್ಲಿ ಎರಡು ದ್ರವಗಳೂ ಒಂದನ್ನೊಂದು ಎಳೆಯುವ ಬಲ, ಅಂದರೆ ಶಿಯರ್ ಸ್ಟ್ರೆಸ್, ಸಮ. ನಾಲ್ಕನೆಯದು, ಎರಡು ತಟ್ಟೆಗಳೂ ದ್ರವವನ್ನು ಹಿಂದಕ್ಕೆ ಎಳೆಯುವ ಒಟ್ಟು ಬಲ, ಒತ್ತಡ ಮುಂದಕ್ಕೆ ತಳ್ಳುವ ಒಟ್ಟು ಬಲಕ್ಕೆ ಸಮ. ನಾಲ್ಕೂ ನಿಜವಾದ ಮಾತುಗಳೇ. ಆದ್ದರಿಂದಲೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ನಾಲ್ಕನೆಯದನ್ನು ಬಿಡಿಸಿ ನೋಡಿ. ಕೆಳತಟ್ಟೆಯ ಎಳೆತ ಒ·ದ + ಸ₁·ಅ₁. ಮೇಲ್ತಟ್ಟೆಯ ಎಳೆತ ಒ·ದ − ಸ₂·ಅ₂. ಎರಡೂ ಸೇರಿ 2·ಒ·ದ ಆಗಬೇಕು. ಒ·ದ ಗಳು ಎರಡೂ ಕಡೆ ಹೋಗುತ್ತವೆ. ಉಳಿಯುವುದು ಸ₁·ಅ₁ = ಸ₂·ಅ₂. ಇದು ನಿಮ್ಮ ಮೂರನೆಯ ಷರತ್ತೇ! ಯಾಕೆ ಹೀಗಾಯಿತು? ಒಟ್ಟು ಬಲದ ಸಮತೋಲನವನ್ನು ಚಲನೆಯ ಸಮೀಕರಣ ಆಗಲೇ ಪ್ರತಿ ಪದರದ ಒಳಗೆ ಹೇಳಿ ಮುಗಿಸಿದೆ. ಅನುಕಲನ ಮಾಡಿದ ಮೇಲೆ ಅದನ್ನೇ ಇನ್ನೊಂದು ಸಲ ಕೇಳಿದರೆ ಅದು ಹೊಸದೇನು ಹೇಳೀತು? ಮೂರನ್ನೂ ನಾಲ್ಕನ್ನೂ ಒಟ್ಟಿಗೆ ಇಟ್ಟಾಗ 0 = 0 ಬರಲೇಬೇಕು. ಅದು ಲೆಕ್ಕ ಕೆಟ್ಟದ್ದರ ಗುರುತು ಅಂತ ಹೆದರಬೇಡಿ. ‘ನೀನು ಒಂದೇ ಮಾತನ್ನು ಎರಡು ಸಲ ಹೇಳಿದ್ದೀಯ, ಇನ್ನೊಂದು ಮಾತನ್ನು ಮರೆತಿದ್ದೀಯ’ ಅಂತ ಬೀಜಗಣಿತ ತಿಳಿಸುವ ರೀತಿ ಅದು.

ಮರೆತದ್ದು ಯಾವುದು? ಗಡಿಯಲ್ಲಿ ಎರಡು ದ್ರವಗಳ ವೇಗವೂ ಒಂದೇ ಅನ್ನುವುದು. ನೀರು ಗೋಡೆಗೆ ಅಂಟುವ ಹಾಗೆಯೇ ಎಣ್ಣೆ ನೀರಿಗೆ ಅಂಟುತ್ತದೆ, ಜಾರುವುದಿಲ್ಲ. ಯ = 0 ಹಾಕಿದರೆ ಬ₁ = ಬ₂ ಅಂತ ಒಂದೇ ಗೆರೆಯಲ್ಲಿ ಮುಗಿಯುತ್ತದೆ. ಅದನ್ನು ಬ ಅನ್ನೋಣ. ಸ₁·ಅ₁ = ಸ₂·ಅ₂ ಎರಡೂ ಒಂದೇ ಆದ್ದರಿಂದ ಅದನ್ನು ಟ ಅನ್ನೋಣ. ಟ ಅಂದರೆ ಗಡಿಯಲ್ಲಿರುವ ಶಿಯರ್ ಸ್ಟ್ರೆಸ್. ನಾಲ್ಕು ಅಜ್ಞಾತ ಎರಡಕ್ಕೆ ಇಳಿಯಿತು ನೋಡಿ. ಉಳಿದ ಎರಡು ಸಮೀಕರಣ ತಟ್ಟೆಗಳಿಂದ:

ಬ = ಒ·ದ² / (2ಸ₁) + ಟ·ದ / ಸ₁

ಬ = ಒ·ದ² / (2ಸ₂) − ಟ·ದ / ಸ₂

ಒಂದರಿಂದ ಒಂದನ್ನು ಕಳೆಯಿರಿ:

ಟ = (ಒ·ದ / 2) × (ಸ₁ − ಸ₂) / (ಸ₁ + ಸ₂)

ಬ = ಒ·ದ² / (ಸ₁ + ಸ₂)

ನಾಲ್ಕು ಸಾಲಿನ ಮ್ಯಾಟ್ರಿಕ್ಸ್ ಬರೆದು ಒದ್ದಾಡುವ ಬದಲು, ಭೌತಿಕ ಅರ್ಥ ಇರುವ ಎರಡು ಅಜ್ಞಾತಗಳನ್ನು ಹಿಡಿದುಕೊಳ್ಳುವುದು ಜಾಣತನ. ಬ ಗಡಿಯ ವೇಗ, ಟ ಗಡಿಯ ಎಳೆತ. ಪರೀಕ್ಷೆಯಲ್ಲಿ ಸಮಯವೂ ಉಳಿಯುತ್ತದೆ.

ಈ ಉತ್ತರವನ್ನು ಸುಮ್ನೆ ನಂಬಬೇಡಿ, ಪರೀಕ್ಷಿಸಿ. ಎರಡೂ ಒಂದೇ ದ್ರವ ಆದರೆ ಟ ಸೊನ್ನೆ, ಬ ಒ·ದ² / (2ಸ). ಇದು ಒಂದೇ ದ್ರವ ಹರಿಯುವಾಗ ನಡುಮಧ್ಯದ ವೇಗ, ಸರಿಯಾಗಿದೆ. ಮೇಲಿನ ದ್ರವ ಕಲ್ಲಿನಷ್ಟು ಗಟ್ಟಿ ಆಯಿತು ಅನ್ನಿ, ಸ₂ ಅಗಾಧ. ಆಗ ಬ ಸೊನ್ನೆ, ಅಂದರೆ ಗಡಿಯೇ ಇನ್ನೊಂದು ಗೋಡೆ. ಅದೂ ಸರಿ. ಈಗ ನಡುವಿನ ಸಂಗತಿ. ಎಣ್ಣೆ ನೀರಿಗಿಂತ 40 ಪಟ್ಟು ಮಂದ ಅಂತ ಹಿಡಿದರೆ ಅತಿ ಹೆಚ್ಚು ವೇಗ ಇರುವುದು ಯ = −0.476 ದ ಜಾಗದಲ್ಲಿ. ಹೆಚ್ಚುಕಮ್ಮಿ ನೀರಿನ ಪದರದ ಮಧ್ಯದಲ್ಲಿ. ಅಲ್ಲಿಯ ವೇಗ ಗಡಿಯ ವೇಗದ ಐದೂವರೆ ಪಟ್ಟಿಗಿಂತ ಜಾಸ್ತಿ. ನೀರಿನ ಪಾಲಿಗೆ ಎಣ್ಣೆ ಹತ್ತಿರ ಹತ್ತಿರ ಗೋಡೆಯೇ ಆಗಿಬಿಟ್ಟಿದೆ. ‘ಗಡಿಯಲ್ಲೇ ವೇಗ ಗರಿಷ್ಠ’ ಅಂತ ಊಹಿಸಿ ಆ ಷರತ್ತು ಹಾಕುವವರು ಬಹಳ ಜನ. ಅದು 0 = 0 ಗಿಂತ ಅಪಾಯ, ಯಾಕೆಂದರೆ ಒಂದು ಉತ್ತರ ಬಂದೇ ಬರುತ್ತದೆ, ತಪ್ಪು ಉತ್ತರ.

ಈಗ ನಿಮ್ಮ ಸುರಂಗದ ಪೈಪಿಗೆ ಬರೋಣ. ನನಗೆ ಈ ಪ್ರಶ್ನೆಯಲ್ಲಿ ಹೆಚ್ಚು ಇಷ್ಟವಾದದ್ದು ಈ ಭಾಗ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಹಿರಿಯರು ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದು ನೀರನ್ನು ಪಂಪಿಲ್ಲದೆ ಹೊರಗೆ ತಂದರು. ಅಡಿಕೆ ಮರದ ದಂಬೆಯಲ್ಲಿ, ಅಂದರೆ ಸೀಳಿ ಟೊಳ್ಳು ಮಾಡಿದ ಕಾಂಡದಲ್ಲಿ, ಹರಿಯುವಾಗ ನೀರಿನ ಮೈ ಗಾಳಿಗೆ ತೆರೆದಿರುತ್ತದೆ, ಒತ್ತಡದ ಲೆಕ್ಕ ಬೇಕಾಗುವುದಿಲ್ಲ. ಪೈಪಿಗೆ ಇಳಿಸಿದ ಮೇಲೆ ಪ್ರತಿ ಮೀಟರ್ ಎತ್ತರಕ್ಕೂ ಲೆಕ್ಕ ಇಡಬೇಕು. ನಿಮ್ಮ ಪ್ರಾಜೆಕ್ಟ್ ಅದನ್ನೇ ಮಾಡುತ್ತಿದೆ.

ನೀವು ಬರೆದ ಸೂತ್ರಕ್ಕೆ ಹಳೆಯ ಮನೆತನವಿದೆ. ಫ್ರಾನ್ಸಿನ ಇಂಜಿನಿಯರ್ ಗಾಸ್ಪಾರ್ ದ ಪ್ರೋನಿ 1804ರಲ್ಲಿ ಪೈಪಿನ ನಷ್ಟಕ್ಕೆ ಇದೇ ರೂಪ ಕೊಟ್ಟ. ವೇಗಕ್ಕೆ ಒಂದು ಪದ, ವೇಗದ ವರ್ಗಕ್ಕೆ ಒಂದು ಪದ, ಎರಡು ಸ್ಥಿರಾಂಕ. ಆ ಸ್ಥಿರಾಂಕಗಳನ್ನು ಅಳತೆಗಳಿಂದಲೇ ತೆಗೆಯಬೇಕಿತ್ತು. ನಿಮ್ಮ ಕೆಲಸವೂ ಅದೇ.

ನಿಮ್ಮ ಎರಡು ಸಮೀಕರಣ:

1.0 ಕ + 1.00 ಖ = 2.6

1.1 ಕ + 1.21 ಖ = 3.2

ಬಿಡಿಸಿದರೆ ಕ = −0.49, ಖ = 3.09. ನಿಮಗೆ ಬಂದದ್ದೂ ಇದೇ ಇರಬೇಕು. ಈಗ ಒಂದೇ ಒಂದು ಬದಲಾವಣೆ ಮಾಡಿ. ಮೊದಲ ಅಳತೆಯಲ್ಲಿ 2.6 ಬದಲು 2.7 ಹಾಕಿ. ಆಗ ಕ = 0.61, ಖ = 2.09. ಗೇಜಿನ ಕೊನೆಯ ಅಂಕಿ ಒಂದು ಮೆಟ್ಟಿಲು ಮೇಲೆ ಹೋದದ್ದಕ್ಕೆ ಋಣ ಇದ್ದದ್ದು ಧನ ಆಯಿತು, ಖ ಮೂರನೇ ಒಂದು ಭಾಗ ಕುಸಿಯಿತು. ಹತ್ತು ಸೆಂಟಿಮೀಟರ್ ನೀರು, ಅಷ್ಟೇ!

ಎರಡು ಸಮೀಕರಣವನ್ನೂ ಗೆರೆಗಳಾಗಿ ಬರೆದು ನೋಡಿ, ಒಂದು ಅಕ್ಷದಲ್ಲಿ ಕ, ಇನ್ನೊಂದರಲ್ಲಿ ಖ. ಎರಡು ಗೆರೆಗಳೂ ಬಹುತೇಕ ಒಂದರ ಮೇಲೊಂದು ಮಲಗಿರುತ್ತವೆ. ತೀರ ಸಣ್ಣ ಕೋನದಲ್ಲಿ ಕತ್ತರಿಸುತ್ತವೆ. ಒಂದು ಗೆರೆ ಕೂದಲಷ್ಟು ಸರಿದರೂ ಕತ್ತರಿಸುವ ಬಿಂದು ಎಲ್ಲಿಗೋ ಓಡುತ್ತದೆ. ಇದನ್ನು ನಿರ್ಧಾರಕದಲ್ಲೂ (ಸಮೀಕರಣಗಳ ಗುಣಾಂಕಗಳಿಂದ ತೆಗೆಯುವ ಡಿಟರ್ಮಿನಂಟ್) ಕಾಣಬಹುದು. ಹರಿವು ಹ₁, ಹ₂ ಆದರೆ ನಿರ್ಧಾರಕ ಹ₁ × ಹ₂ × (ಹ₂ − ಹ₁). ನಿಮ್ಮ ಅಳತೆಗೆ ಅದು 0.11. ಉತ್ತರ ತೆಗೆಯುವಾಗ ನಾವು ಇದರಿಂದಲೇ ಭಾಗಿಸುತ್ತೇವೆ, ಹಾಗಾಗಿ ಅಳತೆಯ ಸಣ್ಣ ದೋಷ ಉತ್ತರದಲ್ಲಿ ದೊಡ್ಡದಾಗುತ್ತದೆ. ಎರಡು ಹರಿವೂ ಒಂದೇ ಆಗಿಬಿಟ್ಟರೆ ನಿರ್ಧಾರಕ ಸೊನ್ನೆ. ಆಗ ಬರುವುದು ನಿಮ್ಮ ಹಳೆಯ ಪರಿಚಯದ 0 = 0. ಅಂದರೆ ಪಠ್ಯದ ಲೆಕ್ಕದಲ್ಲಿ ಪೂರ್ತಿ ಆದದ್ದು ಇಲ್ಲಿ ಮುಕ್ಕಾಲು ಪಾಲು ಆಗಿದೆ.

ಇನ್ನೂ ಸುಲಭವಾಗಿ ಕಾಣಬೇಕಾ? ಸೂತ್ರವನ್ನು ಹ ದಿಂದ ಭಾಗಿಸಿ:

ನ / ಹ = ಕ + ಖ × ಹ

ಇದು ಸರಳ ರೇಖೆ. ಖ ಅದರ ಇಳಿಜಾರು, ಕ ಅದು ಸೊನ್ನೆ ಹರಿವಿನಲ್ಲಿ ಅಕ್ಷವನ್ನು ಮುಟ್ಟುವ ಜಾಗ. ನಿಮ್ಮ ಎರಡು ಬಿಂದುಗಳು 1.0 ಮತ್ತು 1.1ರಲ್ಲಿವೆ. ಅವುಗಳ ನಡುವಿನ ದೂರ 0.1. ಆ ಸಣ್ಣ ತುಂಡಿನ ಮೇಲೆ ಸ್ಕೇಲ್ ಇಟ್ಟು ನೀವು ಹತ್ತು ಪಟ್ಟು ದೂರ ಹಿಂದಕ್ಕೆ, ಸೊನ್ನೆಯವರೆಗೆ, ಗೆರೆ ಎಳೆದಿದ್ದೀರಿ. ಅದು ಎಲ್ಲಿ ಹೋಗಿ ಮುಟ್ಟಿತು ಅನ್ನುವುದರ ಮೇಲೆ ಭರವಸೆ ಇಡುವುದು ಹೇಗೆ?

ಆ ಹತ್ತು ಸೆಂಟಿಮೀಟರ್ ಎಲ್ಲಿಂದ ಬಂದಿರಬಹುದು ಅಂತಲೂ ಹೇಳುತ್ತೇನೆ. ಗೇಜಿನ ಮೇಲೆ ಗೂಬೆ ಕೂರಿಸುವ ಮೊದಲು ಟ್ಯಾಂಕ್ ನೋಡಿ. ಅದರ ತಳ 6 ಚದರ ಮೀಟರ್. ಸೆಕೆಂಡಿಗೆ 1 ಲೀಟರಿನಂತೆ ಹತ್ತು ನಿಮಿಷ ನೀರು ಬಿಟ್ಟರೆ 600 ಲೀಟರ್ ಹೋಯಿತು. 600 ಲೀಟರ್ ಅಂದರೆ ಆ ಟ್ಯಾಂಕಿನಲ್ಲಿ ಸರಿಯಾಗಿ ಹತ್ತು ಸೆಂಟಿಮೀಟರ್. ಸುರಂಗದಿಂದ ಬೀಳುವ ನೀರು ಬೇಸಗೆಯಲ್ಲಿ ಅದನ್ನು ಅಷ್ಟು ಬೇಗ ತುಂಬಿಸುವುದಿಲ್ಲ. ನೀವು ನಷ್ಟವನ್ನು ‘12 ಮೀಟರಿನಿಂದ ಗೇಜ್ ತೋರಿಸಿದ್ದನ್ನು ಕಳೆದು’ ತೆಗೆದಿದ್ದರೆ, ಮಟ್ಟ ಇಳಿದದ್ದು ಪೂರ್ತಿ ನಷ್ಟದ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡನೆಯ ಅಳತೆಗೆ ಬರುವಷ್ಟರಲ್ಲಿ ಮಟ್ಟ ಇಳಿದಿರುತ್ತದೆ, 3.2 ಇರುವುದು ನಿಜದಲ್ಲಿ 3.1 ಆಗಿರಬಹುದು. 12 ಅನ್ನುವುದು ಸ್ಥಿರ ಅಂತ ನೀವು ಅಂದುಕೊಂಡಿದ್ದೀರಿ, ಅದು ಗುಟ್ಟಾಗಿ ಮೂರನೆಯ ಅಜ್ಞಾತ. ಪ್ರತಿ ಅಳತೆಗೂ ಮೊದಲು ಮತ್ತು ನಂತರ ಟ್ಯಾಂಕಿನಲ್ಲಿ ಕೋಲು ಇಳಿಸಿ ಮಟ್ಟ ಬರೆದುಕೊಳ್ಳಿ, ಎರಡರ ಸರಾಸರಿ ಹಿಡಿಯಿರಿ. ಮನೆಯ ಇನ್ನೊಬ್ಬರು ಗುಡ್ಡೆಯಲ್ಲಿ ನಿಂತರೆ ಆಯಿತು.

ಇನ್ನೊಂದು ಸಂಗತಿ, ಪೈಪು ಗುಡ್ಡೆಯ ಏರುತಗ್ಗಿನಲ್ಲಿ ಎಲ್ಲಾದರೂ ಉಬ್ಬಿ ಹೋಗಿದ್ದರೆ ಅಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಕಮ್ಮಿ ಹರಿವಿನಲ್ಲಿ ಗಾಳಿ ಅಲ್ಲೇ ಕೂತಿರುತ್ತದೆ, ಜಾಸ್ತಿ ಹರಿವಿನಲ್ಲಿ ಕೊಚ್ಚಿ ಹೋಗಬಹುದು. ಆಗ ಎರಡು ಅಳತೆ ಎರಡು ಬೇರೆ ಪೈಪುಗಳ ಅಳತೆಯಾಗುತ್ತದೆ! ಅಳೆಯುವ ಮೊದಲು ವಾಲ್ವ್ ಪೂರ್ತಿ ತೆರೆದು ಸ್ವಲ್ಪ ಹೊತ್ತು ಬಿಡಿ.

ಈಗ ಅಳತೆ ಹೇಗೆ ಆರಿಸಬೇಕು? ದೂರ ದೂರ. ವಾಲ್ವ್ ತಿರುಗಿಸಿ ಹರಿವು 0.5, 1.0, 1.5, 2.0 ಹೀಗೆ ನಾಲ್ಕು ಕಡೆ ನಿಲ್ಲಿಸಿ. ಕೊಡಪಾನದಲ್ಲಿ ಹಿಡಿಯಬೇಡಿ, 200 ಲೀಟರಿನ ಡ್ರಮ್ ಇಡಿ. 2.0ರಲ್ಲಿ ಅದು ತುಂಬಲು 100 ಸೆಕೆಂಡ್, 0.5ರಲ್ಲಿ 400 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವಾಗ ಅರ್ಧ ಸೆಕೆಂಡ್ ತಪ್ಪಿದರೂ ಏನೂ ಆಗದು. 20 ಲೀಟರಿನ ಬಕೆಟ್ ಆಗಿದ್ದರೆ 2.0ರಲ್ಲಿ ಹತ್ತೇ ಸೆಕೆಂಡ್, ಅರ್ಧ ಸೆಕೆಂಡ್ ಅಂದರೆ ಶೇಕಡಾ 5 ದೋಷ.

ನಿಮ್ಮ ಪೈಪಿಗೆ ಸುಮಾರಾಗಿ ಎಂಥ ಅಂಕಿ ಬರಬೇಕು ಅಂತ ನಾನು ಲೆಕ್ಕ ಹಾಕಿದೆ. ನಯವಾದ ಪೈಪಿಗೆ ಬ್ಲಾಸಿಯಸ್ 1913ರಲ್ಲಿ ಕೊಟ್ಟ ಘರ್ಷಣೆಯ ಸೂತ್ರವಿದೆ. 30 ಡಿಗ್ರಿ ಸೆಲ್ಸಿಯಸ್ ನೀರಿಗೆ, ನಿಮ್ಮ ಉದ್ದ ಮತ್ತು ವ್ಯಾಸಕ್ಕೆ, ನಷ್ಟ ಹೀಗೆ ಬರುತ್ತದೆ: 0.5ಕ್ಕೆ 0.8 ಮೀಟರ್, 1.0ಕ್ಕೆ 2.7, 1.5ಕ್ಕೆ 5.5, 2.0ಕ್ಕೆ ಸುಮಾರು 9.1. ಬಾಗುಗಳು, ಜೋಡಣೆಗಳು ಸೇರಿ ಕೊನೆಯದು 9.2 ಆಯಿತು ಅನ್ನೋಣ. ಈ ನಾಲ್ಕನ್ನೂ ನಿಮ್ಮ ಅಳತೆ ಅಂತಲೇ ಇಟ್ಟುಕೊಂಡು ಮುಂದೆ ಹೋಗೋಣ. ನಿಮ್ಮ ಅಂಕಿ ಸಿಕ್ಕ ಮೇಲೆ ಅವನ್ನು ಹಾಕಿ.

ಬರೀ ಎರಡು ತುದಿ, 0.5 ಮತ್ತು 2.0, ತೆಗೆದುಕೊಂಡರೆ ನಿರ್ಧಾರಕ 1.5. ಮೊದಲಿನದ್ದಕ್ಕಿಂತ ಹದಿಮೂರು ಪಟ್ಟಿಗಿಂತ ಹೆಚ್ಚು. ಕ = 0.6, ಖ = 2.0. ಇಲ್ಲಿಯೂ ಅದೇ ಹತ್ತು ಸೆಂಟಿಮೀಟರ್ ತಪ್ಪಿಸಿ, 0.8 ಇದ್ದದ್ದನ್ನು 0.7 ಮಾಡಿ. ಕ = 0.33, ಖ = 2.13. ಕ ಅಲ್ಲಾಡಿತು, ನಿಜ. ಆದರೆ ಋಣಕ್ಕೆ ಹಾರಲಿಲ್ಲ. ಖ ಸುಮಾರು ಅಲ್ಲೇ ನಿಂತಿತು. 9.2ನ್ನು 9.1 ಮಾಡಿದರೆ ಎರಡೂ ಕದಲುವುದೇ ಇಲ್ಲ ಅನ್ನಬಹುದು. ಇದರಿಂದ ಒಂದು ತಿಳಿಯುತ್ತದೆ, ಕಮ್ಮಿ ಹರಿವಿನ ಅಳತೆಗೆ ಹೆಚ್ಚು ತಾಳ್ಮೆ ಕೊಡಿ. ಅಲ್ಲಿ ಹತ್ತು ಸೆಂಟಿಮೀಟರ್ ಅಂದರೆ ಒಟ್ಟು ನಷ್ಟದ ಎಂಟನೇ ಒಂದು ಭಾಗ. ಅದನ್ನೇ ಮೂರು ನಾಲ್ಕು ಸಲ ಅಳೆದು ಸರಾಸರಿ ತೆಗೆಯಿರಿ.

ನಾಲ್ಕು ಅಳತೆ ಇದ್ದು ಎರಡು ಅಜ್ಞಾತ ಇದ್ದರೆ ನಾಲ್ಕನ್ನೂ ಒಟ್ಟಿಗೆ ತೃಪ್ತಿಪಡಿಸುವ ಕ, ಖ ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ಕನಿಷ್ಠ ವರ್ಗಗಳ ವಿಧಾನ. ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ ಅದನ್ನು 1805ರಲ್ಲಿ, ಧೂಮಕೇತುಗಳ ಪಥ ಕಂಡುಹಿಡಿಯುವ ಪುಸ್ತಕದ ಅನುಬಂಧದಲ್ಲಿ ಪ್ರಕಟಿಸಿದ. ಪ್ರೋನಿಯ ಸೂತ್ರ ಬಂದ ಮರುವರ್ಷವೇ. ಪ್ರತಿ ಅಳತೆಯಲ್ಲಿ ಉಳಿಯುವ ವ್ಯತ್ಯಾಸದ ವರ್ಗ ತೆಗೆದು ಕೂಡಿಸಿ, ಆ ಮೊತ್ತ ಅತಿ ಕಮ್ಮಿ ಆಗುವ ಹಾಗೆ ಕ, ಖ ಆರಿಸುವುದು. ಕೊನೆಗೆ ಅದೂ ಬಂದು ನಿಲ್ಲುವುದು ಎರಡು ಸಮೀಕರಣಕ್ಕೇ:

7.5 ಕ + 12.5 ಖ = 29.75

12.5 ಕ + 22.125 ಖ = 52.075

ಇಲ್ಲಿ 7.5 ಅಂದರೆ ನಾಲ್ಕು ಹರಿವುಗಳ ವರ್ಗಗಳ ಮೊತ್ತ, 12.5 ಘನಗಳ ಮೊತ್ತ, 22.125 ನಾಲ್ಕನೇ ಘಾತಗಳ ಮೊತ್ತ. ಬಲಗಡೆ ಮೊದಲನೆಯದು ಹ × ನ ಗಳ ಮೊತ್ತ, ಎರಡನೆಯದು ಹ² × ನ ಗಳ ಮೊತ್ತ. ಬಿಡಿಸಿದರೆ ಕ = 0.75, ಖ = 1.93. ಇವನ್ನು ಹಿಂದಕ್ಕೆ ಹಾಕಿ ನೋಡಿ. 0.86, 2.68, 5.47, 9.22 ಬರುತ್ತದೆ. ಯಾವುದೂ ಅಳತೆಯಿಂದ ಹತ್ತು ಸೆಂಟಿಮೀಟರ್ ದೂರ ಹೋಗಿಲ್ಲ. ಗೇಜಿಗೆ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯ ಅಲ್ಲ.

ಇಲ್ಲಿ ನಿಂತು ಒಂದು ಎಚ್ಚರಿಕೆ. ವರದಿಯಲ್ಲಿ ‘ಕ ಅಂದರೆ ಸ್ನಿಗ್ಧತೆಯಿಂದ ಆದ ನಷ್ಟ, ಖ ಅಂದರೆ ಸುಳಿಗಳಿಂದ ಆದ ನಷ್ಟ’ ಅಂತ ಬರೆಯುವ ಆಸೆ ಆಗುತ್ತದೆ. ಬರೆಯಬೇಡಿ. ನೀರು ಶಾಂತವಾಗಿ ಪದರ ಪದರವಾಗಿ ಹರಿದರೆ ನಷ್ಟ ಎಷ್ಟು ಅಂತ ಪ್ವಾಸೈ ಸೂತ್ರದಿಂದ ಲೆಕ್ಕ ಹಾಕಬಹುದು. ನಿಮ್ಮ ಪೈಪಿಗೆ ಅದು ಪ್ರತಿ ಲೀಟರ್ ಹರಿವಿಗೆ ಸುಮಾರು 0.2 ಮೀಟರ್. ನಮ್ಮ ಕ 0.75. ಎಲ್ಲಿ 0.2, ಎಲ್ಲಿ 0.75? ಅಲ್ಲದೆ ಆ ಶಾಂತ ಹರಿವು ನಿಮ್ಮ ಪೈಪಿನಲ್ಲಿ ಇಲ್ಲವೇ ಇಲ್ಲ. ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಾಜಿನ ನಳಿಗೆಯೊಳಗೆ ಬಣ್ಣದ ಎಳೆ ಬಿಟ್ಟು, ಶಾಂತ ಹರಿವು ಸುಳಿಹರಿವಾಗುವುದನ್ನು ತೋರಿಸಿದ ಸಂಗತಿ ನಿಮಗೆ ಗೊತ್ತಿದೆ. ಅವನ ಹೆಸರಿನ ರೆನಾಲ್ಡ್ಸ್ ಸಂಖ್ಯೆ ಸುಮಾರು 2000ಕ್ಕಿಂತ ಕೆಳಗಿದ್ದರೆ ಪೈಪಿನಲ್ಲಿ ಹರಿವು ಶಾಂತ. 1 ಲೀಟರ್ ಹರಿವಿಗೆ ನಿಮ್ಮ ಪೈಪಿನಲ್ಲಿ ಅದು 40,000ದ ಆಸುಪಾಸು. 2000ಕ್ಕೆ ಇಳಿಸಬೇಕಾದರೆ ಹರಿವು 0.05 ಲೀಟರ್ ಆಗಬೇಕು. ಒಂದು 20 ಲೀಟರ್ ಬಕೆಟ್ ತುಂಬಲು ಆರೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು!

ಹಾಗಾದರೆ ಕ ಎಲ್ಲಿಂದ ಬಂತು? ನ / ಹ ವನ್ನು ಇನ್ನೊಮ್ಮೆ ನೋಡಿ: 1.60, 2.70, 3.67, 4.60. ಏರಿಕೆಗಳು 1.10, 0.97, 0.93. ಸರಳ ರೇಖೆ ಆಗಿದ್ದರೆ ಏರಿಕೆ ಒಂದೇ ಇರಬೇಕಿತ್ತು. ಇಲ್ಲಿ ಸ್ವಲ್ಪ ಬಾಗುತ್ತಿದೆ. ನಯವಾದ ಪೈಪಿನಲ್ಲಿ ಸುಳಿಹರಿವಿನ ನಷ್ಟ ಹರಿವಿನ 1.75ನೇ ಘಾತದಂತೆ ಏರುತ್ತದೆ. ವರ್ಗಕ್ಕಿಂತ ಸ್ವಲ್ಪ ಕಮ್ಮಿ. ಆ ಕೊರತೆಯನ್ನು ತುಂಬಲು ಪ್ರೋನಿಯ ಸೂತ್ರ ಮೊದಲ ಘಾತದ ಪದವನ್ನು ಸಾಲ ತಂದಿದೆ. ಹಾಗಾಗಿ ಕ ಒಂದು ಹೊಂದಾಣಿಕೆಯ ಅಂಕಿ, ನೀರಿನ ಗುಣ ಅದರಲ್ಲಿ ಬರೆದಿಲ್ಲ.

ಇದನ್ನು ನೇರವಾಗಿ ಪರೀಕ್ಷಿಸಬಹುದು. ನ = ಗ × ಹ ದ ಮೇಲೆ ಘಾತ ಮ ಅಂತ ಬೇರೆ ರೂಪ ಹಾಕಿ. ಇಲ್ಲಿಯೂ ಅಜ್ಞಾತ ಎರಡೇ, ಗ ಮತ್ತು ಮ. ಲಾಗರಿದಮ್ ತೆಗೆದರೆ ಇದೂ ಸರಳ ಜೋಡಿ ಸಮೀಕರಣ. ಎರಡು ತುದಿಯ ಅಳತೆ ಹಾಕಿ. ಹರಿವು 4 ಪಟ್ಟಾದಾಗ ನಷ್ಟ 11.5 ಪಟ್ಟಾಗಿದೆ. ಆದ್ದರಿಂದ ಮ = ಲಾಗ್ 11.5 ÷ ಲಾಗ್ 4 = 1.76, ಗ = 2.71. ಅಂಕಿಗಳು ಬ್ಲಾಸಿಯಸ್ ಸೂತ್ರದಿಂದಲೇ ಹುಟ್ಟಿದ್ದರಿಂದ ಇಲ್ಲಿ 1.75 ಬರುವುದು ಸಹಜ. ಸ್ವಾರಸ್ಯ ಇರುವುದು ನಿಮ್ಮ ಸ್ವಂತ ಅಳತೆ ಹಾಕಿದಾಗ. 1.75ರ ಹತ್ತಿರ ಬಂದರೆ ನಿಮ್ಮ ಪೈಪಿನ ಒಳಮೈ ಇನ್ನೂ ನಯವಾಗಿದೆ. 2ರ ಹತ್ತಿರ ಹೋದರೆ ಒಳಗೆ ಕೆಸರು ಕಟ್ಟಿ ಒರಟಾಗಿರಬಹುದು, ಅಥವಾ ಎಲ್ಲೋ ಅರ್ಧ ಮುಚ್ಚಿದ ವಾಲ್ವ್, ಮಡಚಿದ ಪೈಪು ಇರಬಹುದು. 2ನ್ನು ದಾಟಿದರೆ ಅಳತೆಯನ್ನೇ ಅನುಮಾನಿಸಿ. ನಿಮ್ಮ ಹಳೆಯ ಎರಡು ಅಳತೆಗೆ ಮ ಎಷ್ಟು ಬರುತ್ತದೆ ಗೊತ್ತಾ? 2.18. ಕ ಋಣ ಬಂದದ್ದೂ ಇದೂ ಒಂದೇ ದೋಷದ ಎರಡು ಮುಖ. ಪ್ರಾಜೆಕ್ಟ್ ವರದಿಯಲ್ಲಿ ನಾನಾದರೆ ಈ ಎರಡನೆಯ ರೂಪಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ಋಣ ಬಂದ ಕ ದಿಂದ ನಿಜಕ್ಕೂ ಏನು ಹಾಳಾಗುತ್ತದೆ ಅನ್ನುವುದನ್ನೂ ನೋಡಿ. ಹರಿವು 1.0 ಅಥವಾ 1.1 ಇರುವ ಕಡೆ ನಿಮ್ಮ ಹಳೆಯ ಸ್ಥಿರಾಂಕಗಳು ಒಳ್ಳೆಯ ಉತ್ತರವನ್ನೇ ಕೊಡುತ್ತವೆ. ಅಲ್ಲೇ ಅಳೆದದ್ದಲ್ವಾ! 2.0ಕ್ಕೆ ಹೋದರೆ 11.4 ಮೀಟರ್ ನಷ್ಟ ಅನ್ನುತ್ತವೆ, ಇರುವುದು 9.2. 0.1ಕ್ಕೆ ಇಳಿದರೆ ನಷ್ಟ ಋಣ, ಅಂದರೆ ಪೈಪಿನಲ್ಲಿ ಹರಿಯುತ್ತಾ ನೀರಿಗೆ ಒತ್ತಡ ಹೆಚ್ಚಾಗುತ್ತದೆ ಅಂತ. ಅದು ಆಗದ ಮಾತು.

ಇನ್ನು ತೋಟದ ಲೆಕ್ಕ. ನಿಮ್ಮ ಮನೆಯವರಿಗೆ ಬೇಕಾದದ್ದು ಇದೇ ಇರಬೇಕು: ಒಟ್ಟಿಗೆ ಎಷ್ಟು ಸ್ಪ್ರಿಂಕ್ಲರ್ ಬಿಡಬಹುದು? ಸ್ಪ್ರಿಂಕ್ಲರಿನ ಹರಿವು ಅದರ ಬಾಯಿಯ ಒತ್ತಡದ ವರ್ಗಮೂಲದಂತೆ ಏರುತ್ತದೆ. 10 ಮೀಟರ್ ಒತ್ತಡದಲ್ಲಿ ಸೆಕೆಂಡಿಗೆ 0.1 ಲೀಟರ್ ಕೊಡುವಂಥದ್ದು ಅಂತ ಹಿಡಿದರೆ, 6 ಮೀಟರ್ ಒತ್ತಡದಲ್ಲಿ 0.0775 ಲೀಟರ್ ಕೊಡುತ್ತದೆ. ಸ್ಪ್ರಿಂಕ್ಲರ್ ಚೆನ್ನಾಗಿ ತಿರುಗಲು 6 ಮೀಟರ್ ಬೇಕು ಅನ್ನೋಣ. ನಿಮ್ಮದರ ನಿಜವಾದ ಅಂಕಿ ಅದರ ಪೆಟ್ಟಿಗೆಯ ಮೇಲಿರುತ್ತದೆ. ಟ್ಯಾಂಕ್ ತುಂಬಿರುವಾಗ 12ರಲ್ಲಿ 6 ಉಳಿಸಬೇಕು, ಆದ್ದರಿಂದ ನಷ್ಟಕ್ಕೆ 6 ಮೀಟರ್ ಬಿಡಬಹುದು:

0.75 ಹ + 1.93 ಹ² = 6

ಇದರಿಂದ ಹ = 1.58. ಅಂದರೆ 20 ಸ್ಪ್ರಿಂಕ್ಲರ್.

ಆದರೆ ಟ್ಯಾಂಕ್ ಖಾಲಿಯಾಗುತ್ತಾ ಮಟ್ಟ ಒಂದೂವರೆ ಮೀಟರ್ ಇಳಿಯುತ್ತದೆ. ಕೊನೆಗೆ 10.5 ಮೀಟರ್ ಮಾತ್ರ, ನಷ್ಟಕ್ಕೆ ಬಿಡಬಹುದಾದದ್ದು 4.5. ಆಗ ಹ = 1.35ಕ್ಕಿಂತ ಚೂರು ಕಮ್ಮಿ, 17 ಸ್ಪ್ರಿಂಕ್ಲರ್. 20 ಇಟ್ಟರೆ ಮೊದಲಲ್ಲಿ ಚೆನ್ನಾಗಿ ತಿರುಗಿ, ಟ್ಯಾಂಕ್ ತಳಕ್ಕೆ ಬರುವಾಗ ಸುಸ್ತಾಗಿ ಬುಡಕ್ಕೇ ಸುರಿಯುತ್ತವೆ. ಹಾಗಾಗಿ 17ಕ್ಕೆ ಲೆಕ್ಕ ಹಾಕಿ. 9,000 ಲೀಟರಿನ ಟ್ಯಾಂಕ್, ಸೆಕೆಂಡಿಗೆ ಸುಮಾರು 1.4 ಲೀಟರ್ ಹರಿವಿನಲ್ಲಿ, ಒಂದೂಮುಕ್ಕಾಲು ಗಂಟೆಯ ಹೊತ್ತು ನಡೆಯುತ್ತದೆ. ತೋಟವನ್ನು ಭಾಗ ಮಾಡಿ ಒಂದು ದಿನ ಒಂದು ಭಾಗಕ್ಕೆ ಬಿಡುವುದಾದರೆ ಪ್ರತಿ ಭಾಗಕ್ಕೆ 17ರ ಗುಂಪು ಮಾಡಿಕೊಳ್ಳಿ. ಮರುದಿನಕ್ಕೆ ಟ್ಯಾಂಕ್ ತುಂಬುತ್ತದೋ ಇಲ್ಲವೋ ಅನ್ನುವುದು ಸುರಂಗದ ಹರಿವಿನ ಮೇಲಿದೆ. ಅದನ್ನು ಏಪ್ರಿಲ್ ಕೊನೆಯಲ್ಲೋ ಮೇಯಲ್ಲೋ ಅದೇ ಡ್ರಮ್ ಇಟ್ಟು ಅಳೆಯಿರಿ. ಆಗ ಸಿಗುವುದು ವರ್ಷದ ಅತಿ ಕಮ್ಮಿ ಅಂಕಿ, ತೋಟಕ್ಕೆ ನಂಬಬೇಕಾದ ಅಂಕಿಯೂ ಅದೇ.